ವಿಭೂತಿ ಹಚ್ಚಿದ ಪಿಸ್ಟನ್

ಪಿಸ್ಟನ್ನಿನ ಚಿತ್ರವನ್ನು ನಾನು ಕಪ್ಪು ಹಲಗೆಯ ಮೇಲೆ ಕಣ್ಣು ಮುಚ್ಚಿಕೊಂಡೂ ಬರೆಯಬಲ್ಲೆ. ಮುಧೋಳದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿ ಸೇರಿದಂದಿನಿಂದ ಪ್ರತಿ ವರ್ಷವೂ ಅದನ್ನು ಬರೆದಿದ್ದೇನೆ, ಭಾಗಗಳನ್ನು ಗುರುತಿಸಿದ್ದೇನೆ, ಪರೀಕ್ಷೆಯಲ್ಲಿ ಅದೇ ಪ್ರಶ್ನೆಯನ್ನು ಕೇಳಿ ಅಂಕಗಳನ್ನೂ ಕೊಟ್ಟಿದ್ದೇನೆ. ಆದರೆ ನಿಜವಾದ ಪಿಸ್ಟನ್ನೊಂದನ್ನು ಕೈಯಲ್ಲಿ ಹಿಡಿದು ಅದರ ಸ್ಥಾನದಲ್ಲಿ ಕೂರಿಸುವ ಪ್ರಸಂಗ ನನ್ನ ಪಾಲಿಗೆ ಬಂದದ್ದು ಒಂದೇ ಸಲ. ಅದರ ಕುರಿತು ಈವರೆಗೆ ನಾನು ಯಾರ ಮುಂದೆಯೂ ಕ್ರಮವಾಗಿ ಹೇಳಿಲ್ಲ.

ನಮ್ಮ ಊರು ಗಲಗಲಿ. ಕೃಷ್ಣೆಯ ಹಿನ್ನೀರು ಏರಿದಾಗ ಊರಿನ ಹಲವರ ಹೊಲಗಳು ನೀರಿನಾಚೆ ಉಳಿಯುತ್ತವೆ. ಸುತ್ತು ರಸ್ತೆ ಹಿಡಿದರೆ ಅರ್ಧ ದಿನ ಹೋಗುತ್ತದೆ. ದೋಣಿಯಲ್ಲಾದರೆ ಕಾಲು ಗಂಟೆ ಸಾಕು. ಆ ದಾಟಿಗೆ ನನ್ನ ದೊಡ್ಡಪ್ಪ ದೋಣಿ ಬಿಡುತ್ತಿದ್ದರು. ಅವರು ಅಪ್ಪನ ಅಣ್ಣ. ನಾನು ಐದನೆಯ ತರಗತಿಯಲ್ಲಿದ್ದಾಗ ಅಪ್ಪ ತೀರಿಕೊಂಡ ಮೇಲೆ ನನ್ನನ್ನೂ ಅವ್ವನನ್ನೂ ತಮ್ಮ ಮನೆಯಲ್ಲಿಯೇ ಇರಿಸಿಕೊಂಡರು. ನಾನು ಓದುತ್ತೇನೆಂದಷ್ಟೂ ಓದಿಸಿದರು. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗ ನಾನೇ. ಎಂಜಿನಿಯರಿಂಗ್ ಎಂದರೇನೆಂದು ದೊಡ್ಡಪ್ಪನವರಿಗೆ ನಾನು ವಿವರಿಸಿದ್ದಿಲ್ಲ. ಯಂತ್ರಗಳೆಲ್ಲ ನನ್ನ ಮಾತು ಕೇಳುತ್ತವೆಂದು ಅವರು ತಾವೇ ತಿಳಿದುಕೊಂಡಿದ್ದರು.

ದಾಟಿನ ವಿಷಯದಲ್ಲಿ ನಮ್ಮ ದಂಡೆಗೆ ಒಂದು ಪದ್ಧತಿ ಇದೆ. ಮಳೆಗಾಲದ ಮಹಾಪೂರ ಇಳಿದು ದೋಣಿಗಳು ಮತ್ತೆ ನೀರಿಗಿಳಿಯುವ ಮೊದಲ ದಿನ, ಹೊಲದ ಕೆಲಸಕ್ಕೆ ಹೋಗುವ ಹೆಂಗಸರ ಗುಂಪು ಯಾವ ದೋಣಿಯಲ್ಲಿ ಕಾಲಿಡುತ್ತದೆಯೋ, ಆ ಹಂಗಾಮು ಮುಗಿಯುವವರೆಗೆ ಅದೇ ದೋಣಿಯಲ್ಲಿ ಹೋಗಿಬರುತ್ತದೆ. ನಡುವೆ ದೋಣಿ ಬದಲಿಸುವುದು ಮರ್ಯಾದೆಯಲ್ಲ. ಅನೇಕ ವರ್ಷಗಳಿಂದ ಆ ಮೊದಲ ಕಾಲು ದೊಡ್ಡಪ್ಪನವರ ದೋಣಿಗೇ ಬೀಳುತ್ತಿತ್ತು. ಆದರೆ ಹಿಂದಿನ ಓಣಿಯ ಯುವಕನೊಬ್ಬ ಹೊಸ ಫೈಬರ್ ದೋಣಿಯನ್ನೂ ಹೊಸ ಇಂಜಿನ್ನನ್ನೂ ತಂದಿದ್ದ. ದೊಡ್ಡಪ್ಪನವರ ಮೊಣಕಾಲುಗಳು ಸೋತಿದ್ದವು. ಹುಟ್ಟು ಹಾಕುವುದಾಗಲಿ ಗಳ ಒತ್ತುವುದಾಗಲಿ ಅವರಿಂದ ಸಾಧ್ಯವಿರಲಿಲ್ಲ. ದೋಣಿಯ ಹಿಂಬದಿಗೆ ತೂಗುಹಾಕುವ ಆ ಹಳೆಯ ಇಂಜಿನ್ ಒಂದೇ ಅವರನ್ನು ಹೊಳೆಯ ಮೇಲೆ ಉಳಿಸಿತ್ತು. ಆ ಬೇಸಿಗೆಯಲ್ಲಿ ಅದೂ ಸೋತಿತು. ಹೊಗೆ ಉಗುಳುತ್ತಿತ್ತು, ಹಗ್ಗ ಎಷ್ಟು ಎಳೆದರೂ ಹತ್ತುತ್ತಿರಲಿಲ್ಲ.

"ಈ ವರ್ಷ ಮೊದಲನೇ ದಿನ ತಪ್ಪಿತಂದ್ರ, ಮುಂದ ನನ್ನ ಯಾರು ಕರೀತಾರ?" ಎಂದು ದೊಡ್ಡಪ್ಪ ಒಮ್ಮೆ ಮಾತ್ರ ಹೇಳಿದರು. ಎರಡನೆಯ ಸಲ ಹೇಳುವ ಅವಶ್ಯಕತೆ ಇರಲಿಲ್ಲ.

ಮಳೆಗಾಲ ಮುಗಿಯುತ್ತ ಬಂದಾಗ ಇಂಜಿನ್ನನ್ನು ಬಿಚ್ಚಿ ಬನಹಟ್ಟಿಗೆ ಒಯ್ದೆವು. ಅಲ್ಲಿ ಮಗ್ಗಗಳ ಬಿಡಿಭಾಗ ತಿದ್ದುವ ಲೇತ್ ಅಂಗಡಿಯೊಂದಿದೆ. ಸವೆದ ಎರಡೂ ಸಿಲಿಂಡರುಗಳನ್ನು ಅಲ್ಲಿ ಒಳಗಿನಿಂದ ಕೊರೆಸಿ, ಅವುಗಳ ಹೊಸ ಅಳತೆಗೆ ತಕ್ಕ ಎರಡು ಪಿಸ್ಟನ್ನುಗಳನ್ನು ತರಿಸಿದೆವು. ಅಂಗಡಿಯವರು ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಟ್ಟು ಕೈ ಒರೆಸಿಕೊಂಡರು.

"ಕೊರದು ಕೊಟ್ಟೀನ್ರಿ. ಕೂಡಸೂದು ನನ್ನ ಕೆಲಸ ಅಲ್ಲ. ಮಗ್ಗದ ಶಾಫ್ಟು ರಾಶಿ ಬಿದ್ದಾವ ನೋಡ್ರಿ ಇಲ್ಲೆ."

"ಮತ್ತ ಯಾರ ಕಡೆ ಒಯ್ಯೂಣು?" ಎಂದರು ದೊಡ್ಡಪ್ಪ.

"ಯಾರ ಕಡೆ ಯಾಕ್ರೀ? ಬಾಜೂಕ ನಿಂತಾರಲ್ಲ ಇಂಜಿನಿಯರ್ ಸಾಹೇಬ್ರು!"

ದೊಡ್ಡಪ್ಪ ನನ್ನತ್ತ ತಿರುಗಿ ನಕ್ಕರು. ಆ ನಗೆಯಲ್ಲಿ ಇಷ್ಟು ದಿನ ಕಾದಿಟ್ಟ ಅಭಿಮಾನವಿತ್ತು. ನನಗೆ ಬರುವುದಿಲ್ಲ ಎಂದು ಹೇಳುವುದಕ್ಕೆ ಅದಕ್ಕಿಂತ ತಕ್ಕ ಗಳಿಗೆ ಇನ್ನೊಂದಿರಲಿಲ್ಲ. ನಾನು ಹೇಳಿದ್ದು ಬೇರೆ: "ಸೂಕ್ತ ಕ್ರಮವನ್ನು ಅನುಸರಿಸಿದರೆ ಮಾಡಬಹುದು."

"ಕೇಳಿದ್ರಿಲ್ಲೋ ಯಜಮಾನ್ರ?" ಎಂದರು ಅಂಗಡಿಯವರು. "ಮಾತ ಸುದ್ದಾ ಪುಸ್ತಕದಾಗಿನಾವು!"

ಹಳೆಯ ಪಿಸ್ಟನ್ನುಗಳನ್ನು ಅಳತೆಗೆ ಬೇಕೆಂದು ಅವರು ತಮ್ಮಲ್ಲಿಯೇ ಇಟ್ಟುಕೊಂಡರು. ನಾನು ಆಕ್ಷೇಪಿಸಲಿಲ್ಲ. ಬಿಚ್ಚುವಾಗ ಮೊಬೈಲಿನಲ್ಲಿ ಚಿತ್ರಗಳನ್ನು ತೆಗೆದುಕೊಂಡಿದ್ದೇನೆಂಬ ಧೈರ್ಯ ನನಗಿತ್ತು. ಮನೆಗೆ ಬಂದು ನೋಡಿದರೆ ಆ ಚಿತ್ರಗಳಲ್ಲಿ ಪಿಸ್ಟನ್ನಿನ ತಲೆಯ ಮೇಲೆ ದಪ್ಪ ಮಸಿಯಲ್ಲದೆ ಬೇರೇನೂ ಕಾಣುತ್ತಿರಲಿಲ್ಲ.

ಶನಿವಾರವಿಡೀ ವಿಡಿಯೊಗಳನ್ನು ನೋಡಿದೆ. ಕೆಲವನ್ನು ನಿಲ್ಲಿಸಿ, ಹಿಂದಕ್ಕೆ ಸರಿಸಿ, ಮತ್ತೆ ನೋಡಿದೆ. ನನಗೆ ತಿಳಿದದ್ದಿಷ್ಟು: ಪಿಸ್ಟನ್ನಿನ ತಲೆಯ ಮೇಲೆ ಕೂದಲೆಳೆಯಷ್ಟು ಸಣ್ಣ ಬಾಣದ ಗುರುತು ಇರುತ್ತದೆ, ಆ ಬಾಣ ಹೊಗೆ ಹೊರಹೋಗುವ ಕಿಂಡಿಯ ಕಡೆಗೆ ಮುಖ ಮಾಡಿರಬೇಕು. ತಿರುವುಮುರುವಾದರೆ ಪಿಸ್ಟನ್ನನ್ನು ಸುತ್ತುವರಿದ ಉಕ್ಕಿನ ಉಂಗುರಗಳ ತೆರೆದ ತುದಿಗಳು ಕಿಂಡಿಯೊಳಗೆ ಸಿಕ್ಕಿಕೊಂಡು ಮುರಿಯುತ್ತವೆ. ಇದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ. ಸೋಮವಾರ ದಾಟು ಆರಂಭವಾಗುವುದಿತ್ತು.

ಭಾನುವಾರ ಬೆಳಿಗ್ಗೆ ಪಡಸಾಲೆಯಲ್ಲಿ ಗೋಣಿತಟ್ಟು ಹಾಸಿ, ಅದರ ಮೇಲೆ ತೊಳೆದ ಧೋತರ ಹರಡಿ, ಭಾಗಗಳನ್ನು ಸಾಲಾಗಿ ಜೋಡಿಸಿದೆ. ಹೊಸ ಪಿಸ್ಟನ್ನುಗಳೆರಡನ್ನೂ ಅಗಲ ತಟ್ಟೆಯಂಥ ಒಂದು ಪರಾತದಲ್ಲಿಟ್ಟೆ. ಬಾಣಗಳೆರಡೂ ಗೋಡೆಯ ಕಡೆಗಿರುವಂತೆ ತಿರುಗಿಸಿದ್ದೆ. ಆಮೇಲೆ ಗೊಂದಲವಾಗಬಾರದೆಂಬುದು ನನ್ನ ಮುಂಜಾಗ್ರತೆಯಾಗಿತ್ತು.

ಮೊದಲನೆಯದನ್ನು ಎತ್ತಿಕೊಳ್ಳಲು ಕೈ ಚಾಚಿದಾಗ ದೊಡ್ಡಪ್ಪ ತಡೆದರು. "ತಡಿ ತಮ್ಮಾ, ಹಂಗ ಹಾಕಬ್ಯಾಡ. ಪೂಜಿ ಆಗ್ಲಿ."

ನಮ್ಮ ಮನೆಯಲ್ಲಿ ದಸರೆಯ ಖಂಡೇ ಪೂಜೆಯ ದಿನವಷ್ಟೇ ಅಲ್ಲ, ಹೊಸ ಕಬ್ಬಿಣ ಯಾವಾಗ ಹೊಸ್ತಿಲು ದಾಟಿ ಬಂದರೂ ಅದಕ್ಕೆ ವಿಭೂತಿ ಹಚ್ಚದೆ ಕೆಲಸಕ್ಕೆ ಹಚ್ಚುವುದಿಲ್ಲ. ಕುಡಗೋಲಿಗೆ, ಕುಂಟೆಯ ಕುಡಕ್ಕೆ, ಹೊಲಿಗೆ ಯಂತ್ರಕ್ಕೆ, ನನ್ನ ಮೊದಲ ಲ್ಯಾಪ್‌ಟಾಪಿಗೂ ಅದು ಆಗಿತ್ತು. ಅವ್ವ ತಲೆ ಮೇಲೆ ನೀರು ಹಾಕಿಕೊಂಡು, ಒದ್ದೆ ಕೂದಲಿಗೆ ಸೆರಗು ಹೊದ್ದು, ವಿಭೂತಿ ಗಟ್ಟಿಯನ್ನೂ ಕುಂಕುಮದ ಬಟ್ಟಲನ್ನೂ ಹಿಡಿದು ಬಂದಳು. ಪಿಸ್ಟನ್ನನ್ನು ಕೈಗೆತ್ತಿಕೊಂಡು ಮೇಲೆ ಕೆಳಗೆ ನೋಡಿದಳು.

"ಇದಕ್ಕ ಹಣಿ ಎಲ್ಲೈತೋ?"

"ಇದು ನೋಡವ್ವಾ, ಇದು ಮ್ಯಾಲಿನ ಭಾಗ," ಎಂದು ನಾನೇ ತೋರಿಸಿದೆ.

ಅವಳು ನೀರು ಮುಟ್ಟಿದ ಬೆರಳುಗಳನ್ನು ಗಟ್ಟಿಗೆ ತಿಕ್ಕಿ, ಮೂರು ಬೆರಳಿನಲ್ಲಿ ಒಂದೇ ಎಳೆತಕ್ಕೆ ಎಳೆದಳು. ನಡುವೆ ಕುಂಕುಮವಿಟ್ಟಳು. ಎರಡನೆಯದಕ್ಕೂ ಹಾಗೆಯೇ ಮಾಡಿ, ಎರಡನ್ನೂ ಪರಾತದಲ್ಲಿಟ್ಟು ಕೈ ಮುಗಿದಳು. ಹಸಿ ವಿಭೂತಿ ಒಣಗುತ್ತ ಬೆಳ್ಳಗಾಯಿತು. ಬಾಣಗಳು ಅದರ ಕೆಳಗೆ ಹೋಗಿದ್ದವು.

ನಾನು ಅದನ್ನು ಗಮನಿಸಲಿಲ್ಲವೆಂದು ಯಾರೂ ಭಾವಿಸಬಾರದು. ಗಮನಿಸಿದೆ. ಧೋತರದ ತುದಿಯಿಂದ ಒಮ್ಮೆ ಒರೆಸಿದ್ದರೆ ತೀರುತ್ತಿತ್ತು. ಆದರೆ ದೊಡ್ಡಪ್ಪ ಇನ್ನೂ ಮುಗಿದ ಕೈಗಳನ್ನು ಬಿಟ್ಟಿರಲಿಲ್ಲ. ಅವ್ವ ಪಕ್ಕದಲ್ಲೇ ನಿಂತಿದ್ದಳು. ಅಷ್ಟರಲ್ಲಿ ಹೊಲದ ಕೆಲಸದ ಗುಂಪಿನ ಇಬ್ಬರು ಹೆಂಗಸರು ಮರುದಿನದ ವಿಷಯ ಕೇಳಲು ಬಂದು ಕಟ್ಟೆಯ ಮೇಲೆ ಕುಳಿತರು. ಓದಿದವನು ವಿಭೂತಿ ಒರೆಸಿದ ಎಂಬ ಮಾತು ಸಂಜೆಯೊಳಗೆ ಊರಲ್ಲಿ ಹೇಗೆ ತಿರುಗುತ್ತದೆಂಬುದು ನನಗೆ ಗೊತ್ತಿತ್ತು. ಓದಿದ್ದರಿಂದ ಮನೆಯವರಿಂದ ದೂರವಾದೆನೆಂಬ ಅಪವಾದಕ್ಕೆ ನಾನು ಮೊದಲಿನಿಂದಲೂ ಅಂಜುತ್ತಿದ್ದೆ. ಹೀಗಾಗಿ, ಒರೆಸುವ ಮುನ್ನ ಅನುಮತಿ ಕೇಳಬೇಕೆಂದುಕೊಂಡೆ. ಕೇಳುವ ಮಾತನ್ನು ಮನಸ್ಸಿನಲ್ಲಿ ತಿದ್ದುತ್ತ ತಿದ್ದುತ್ತ ಕೇಳದೆಯೇ ಉಳಿದೆ.

"ಏನ್ರಿ ಮಾಸ್ತರ," ಎಂದಳು ಬಂದವರಲ್ಲಿ ಹಿರಿಯಳು, "ನಾಳಿಗಿ ದಾಟಸ್ತೀರೋ, ಇಲ್ಲಾ ನಡುಹೊಳ್ಯಾಗ ನಿಲ್ಲಿಸಿ ಪಾಠಾ ಹೇಳ್ತೀರೋ?"

"ಸುಮ್ಕಿರಬೇ," ಎಂದರು ದೊಡ್ಡಪ್ಪ. "ಮುಂಜಾನಿ ಎಂಟಕ್ಕ ಬಂದು ನಿಂದರ್ರಿ. ಇಂಜಿನ್ನ ನೋಡ್ರಿ ಹ್ಯಾಂಗ ಹಾಡ್ತದ."

ಮೊದಲನೆಯ ಪಿಸ್ಟನ್ ಸುಲಭವಾಯಿತು. ಎಣ್ಣೆಯ ಹೆಬ್ಬೆರಳು ತಗುಲಿ ವಿಭೂತಿಯ ಅಂಚು ಉದುರಿದಾಗ ಬಾಣದ ತುದಿ ಕಂಡಿತು. ಅದನ್ನು ಕಿಂಡಿಯ ಕಡೆಗೆ ತಿರುಗಿಸಿ, ಪಿಸ್ಟನ್ನನ್ನು ಹೊರುವ ರಾಡಿನ ತಲೆಯೊಳಗೆ ಬೇರಿಂಗ್ ಇಟ್ಟು, ಎರಡನ್ನೂ ಜೋಡಿಸುವ ಪಿನ್ನು ತೂರಿಸಿದೆ. ಪಿನ್ನು ಹೊರಗೆ ಜಾರದಂತೆ ಹಾಕುವ ಸಣ್ಣ ತಂತಿಯ ಬಳೆಗೆ ಮೆಕ್ಯಾನಿಕರು ಲಾಕ್ ಎನ್ನುತ್ತಾರೆ. ಅದು ನನ್ನ ಇಕ್ಕಳದಿಂದ ಚಿಮ್ಮಿ ಮಾಯವಾಯಿತು. ಎಲ್ಲರೂ ನೆಲ ತಡವಿದೆವು. ಕೊನೆಗೆ ಅದು ದೊಡ್ಡಪ್ಪ ಉಟ್ಟಿದ್ದ ಧೋತರದ ಮಡಿಕೆಯಲ್ಲಿ ಸಿಕ್ಕಿತು.

"ನೋಡ್ರಿ, ಇಂಜಿನ್ನಕ್ಕೂ ಮುದುಕನ ಮ್ಯಾಲೆ ಜೀವ!" ಎಂದಳು ಆ ಹೆಂಗಸು. ದೊಡ್ಡಪ್ಪ ಎಲ್ಲರಿಗಿಂತ ಹೆಚ್ಚು ನಕ್ಕರು.

ಎರಡನೆಯದರಲ್ಲಿ ವಿಭೂತಿ ಉದುರಲಿಲ್ಲ. ಪರಾತದಲ್ಲಿ ಹೇಗಿತ್ತೋ ಹಾಗೆಯೇ ಎತ್ತಿಕೊಂಡೆ. ಗೋಡೆಯ ಕಡೆಯೆಂದರೆ ಬಾಣದ ಕಡೆ ಎಂದು ನನ್ನನ್ನು ನಾನೇ ಒಪ್ಪಿಸಿದೆ. ಆದರೆ ಅವ್ವ ಅದನ್ನು ಕೈಯಲ್ಲಿ ತಿರುಗಿಸಿ ಇಟ್ಟಿದ್ದನ್ನು ನಾನೇ ಕಂಡಿದ್ದೆ. ಕೂರಿಸಿದ ಮೇಲೆ ಮತ್ತೊಂದು ಅಂಶ ಕಣ್ಣಿಗೆ ಬಿತ್ತು. ಉಂಗುರಗಳ ತೆರೆದ ತುದಿಗಳು ಮೊದಲನೆಯದರಲ್ಲಿ ಒಂದು ಪಕ್ಕಕ್ಕಿದ್ದರೆ ಇದರಲ್ಲಿ ಎದುರು ಪಕ್ಕಕ್ಕಿದ್ದವು. ನಾನು ಬಹಳ ಹೊತ್ತು ನೋಡಿದೆ. ಸಿಲಿಂಡರುಗಳು ಎರಡು, ಒಂದು ಮೇಲೆ ಹೋದಾಗ ಇನ್ನೊಂದು ಕೆಳಗೆ ಬರುತ್ತದೆ, ಆದ್ದರಿಂದ ಇವು ಪರಸ್ಪರ ವಿರುದ್ಧವಾಗಿರುವುದೇ ಸರಿಯಿರಬಹುದೆಂದು ತರ್ಕಿಸಿದೆ. ವಿದ್ಯಾರ್ಥಿಯೊಬ್ಬ ಹೀಗೆ ಬರೆದಿದ್ದರೆ ನಾನು ಸೊನ್ನೆ ಕೊಡುತ್ತಿದ್ದೆ.

"ಸರಿ ಐತಿಲ್ಲೋ?" ಎಂದು ದೊಡ್ಡಪ್ಪ ಕೇಳಿದರು.

"ಸರಿ ಐತ್ರಿ," ಎಂದೆ.

ಬಳಿಕ ಸಿಲಿಂಡರುಗಳ ಬ್ಲಾಕನ್ನು ಪಿಸ್ಟನ್ನುಗಳ ಮೇಲೆ ಇಳಿಸಬೇಕಾಗಿತ್ತು. ಇದು ಇಬ್ಬರ ಕೆಲಸ. ದೊಡ್ಡಪ್ಪ ಬ್ಲಾಕನ್ನು ಎರಡೂ ಕೈಯಲ್ಲಿ ಹಿಡಿದು, ನಾನು ಹೇಳಿದಷ್ಟೇ, ಒಂದೊಂದು ಎಳ್ಳಿನಷ್ಟು ಇಳಿಸಿದರು. ನಾನು ಉಂಗುರಗಳನ್ನು ಬೆರಳುಗಳಿಂದ ಒತ್ತಿ ಹಿಡಿದು ಒಳಗೆ ಕಳುಹಿಸಿದೆ. ಎಣ್ಣೆಯ ಮೆತ್ತನೆಯ ಸದ್ದಿನೊಂದಿಗೆ ಎರಡೂ ಒಳಗೆ ಹೋದಾಗ ಅವರು "ಕುಂತ್ವು" ಎಂದು, ಮನೆಗೆ ಬಂದ ಬೀಗರ ವಿಷಯ ಹೇಳುವಂತೆ ಹೇಳಿದರು.

ಸಂಜೆ ಇಂಜಿನ್ನನ್ನು ನೀರು ತುಂಬಿದ ಪೀಪಾಯಿಯೊಂದಕ್ಕೆ ತೂಗುಹಾಕಿ ಹಗ್ಗ ಎಳೆದೆ. ನಾಲ್ಕನೆಯ ಎಳೆತಕ್ಕೆ ಹತ್ತಿತು. ನಿಧಾನ ವೇಗದಲ್ಲಿ ಎರಡು ಮೂರು ನಿಮಿಷ ಓಡಿಸಿ ನಿಲ್ಲಿಸಿದೆ. ಓಣಿಯವರು ಬಂದು ನೋಡಿದರು. ಅವ್ವ ನನ್ನ ಮುಖವನ್ನು ಎರಡೂ ಕೈಗಳಿಂದ ಸವರಿ ಲಟಿಕೆ ಮುರಿದಳು. ಅಷ್ಟು ಹೊತ್ತು ನನ್ನ ಪದವಿಗೆ ಒಂದು ಅರ್ಥವಿತ್ತೆಂದು ನನಗನ್ನಿಸಿದ್ದು ನಿಜ. ಆದರೂ ಸಿಲಿಂಡರುಗಳ ತಲೆಯ ಮುಚ್ಚಳವನ್ನೊಮ್ಮೆ ಬಿಚ್ಚಿ ಬಾಣವನ್ನು ನೋಡಿಬಿಡಬೇಕೆಂದು ಮನಸ್ಸು ಹೇಳುತ್ತಲೇ ಇತ್ತು. ಅರ್ಧ ಗಂಟೆಯ ಕೆಲಸ. ಮುಚ್ಚಳದ ಸಂದಿಗೆ ಹಾಕುವ ಗ್ಯಾಸ್ಕೆಟ್ ಇದ್ದದ್ದು ಒಂದೇ, ಬಿಚ್ಚಿದರೆ ಅದು ಹರಿಯುತ್ತದೆ ಎಂಬ ಕಾರಣವನ್ನು ಮುಂದಿಟ್ಟುಕೊಂಡು ಸುಮ್ಮನಾದೆ. ಕಾರಣ ಸುಳ್ಳಾಗಿರಲಿಲ್ಲ. ಅದರ ಹಿಂದೆ ಅಡಗಿದ್ದು ಮಾತ್ರ ನಾನು.

ಸೋಮವಾರ ಎಂಟಕ್ಕೆ ಹನ್ನೆರಡು ಜನ ಹೆಂಗಸರು ಬುತ್ತಿ ಗಂಟು, ಕುಡಗೋಲು ಹಿಡಿದು ದಂಡೆಗೆ ಬಂದರು. ಆ ಯುವಕನ ದೋಣಿಯೂ ಸ್ವಲ್ಪ ದೂರದಲ್ಲಿ ಸಿದ್ಧವಾಗಿ ನಿಂತಿತ್ತು. ಅವನು ಕರೆಯಲಿಲ್ಲ, ಕರೆಯುವುದು ಪದ್ಧತಿಯಲ್ಲ. ನಮ್ಮ ದೋಣಿಯ ಇಂಜಿನ್ ಒಂದೇ ಎಳೆತಕ್ಕೆ ಹತ್ತಿದಾಗ ಹಿರಿಯ ಹೆಂಗಸು ದೋಣಿಗೆ ನಮಸ್ಕರಿಸಿ ಬಲಗಾಲಿಟ್ಟಳು. ಉಳಿದವರು ಅವಳ ಹಿಂದೆ ಹತ್ತಿದರು. ದೊಡ್ಡಪ್ಪ ಹಿಂದೆ ಕುಳಿತು ಹಿಡಿಕೆ ಹಿಡಿದರು. ನಾನು ಅವರ ಕಾಲಬಳಿ ಕುಳಿತೆ.

ದಂಡೆ ಹಿಂದೆ ಸರಿಯಿತು. ಕಬ್ಬಿನ ತೋಟದ ತುದಿ ದಾಟಿ ಬಯಲು ನೀರಿಗೆ ಬಂದಾಗ ದೊಡ್ಡಪ್ಪ ವೇಗ ಹೆಚ್ಚಿಸಿದರು. ಇಂಜಿನ್ ಏರುಧ್ವನಿ ತೆಗೆಯಿತು. ಒಬ್ಬಳು ಏನೋ ಹೇಳಿ ಎಲ್ಲರೂ ನಕ್ಕರು. ಆಗ ಇಂಜಿನ್ನಿನೊಳಗೆ ಟಕ್ ಎಂದು ಏನೋ ಮುರಿದ ಸದ್ದಾಯಿತು, ಕಬ್ಬಿಣಕ್ಕೆ ಕಬ್ಬಿಣ ಉಜ್ಜಿತು, ಮತ್ತೆ ಎಲ್ಲ ನಿಂತಿತು. ಅಷ್ಟು ಅಗಲವಾದ ನೀರಿನ ಮೇಲೆ ಸದ್ದು ಒಮ್ಮೆಲೇ ನಿಂತರೆ ಕಿವಿಗೆ ಪೆಟ್ಟು ಬಿದ್ದಂತಾಗುತ್ತದೆ.

ದೊಡ್ಡಪ್ಪ ಹಗ್ಗ ಎಳೆದರು. ಅದು ಬೆರಳಿನಷ್ಟೂ ಸರಿಯಲಿಲ್ಲ.

"ಗಚ್ಚ ಹಿಡದೈತಿ," ಎಂದರು. ನನ್ನ ಕಡೆ ನೋಡಿದರು. ನಾನೂ ಎಳೆದೆ, ಎರಡೂ ಕೈಯಿಂದ ಎಳೆದೆ, ಕಾಲೂರಿ ಎಳೆದೆ. ದೋಣಿ ಓಲಾಡಿತು. "ಯಪ್ಪಾ, ಸಾಕ್ರಿ, ಮಗಚೀತು!" ಎಂದು ಯಾರೋ ಚೀರಿದರು. ಹುಟ್ಟು ಒಂದೇ ಇತ್ತು. ಅದನ್ನು ಹಾಕಲು ನನಗೆ ಬರುತ್ತಿರಲಿಲ್ಲ, ಬರುವವರಿಗೆ ಮಂಡಿ ಮಡಚಲಾಗುತ್ತಿರಲಿಲ್ಲ. ಗಾಳಿ ನಮ್ಮನ್ನು ಮೆಲ್ಲಗೆ ಅಡ್ಡ ಸರಿಸತೊಡಗಿತು. ಪಾಠದ ಮಾತಾಡಿದ್ದ ಹೆಂಗಸು ಬುತ್ತಿ ಗಂಟನ್ನು ಮಡಿಲಿಗೆಳೆದುಕೊಂಡು ದೋಣಿಯ ಅಂಚು ಹಿಡಿದಳು. ಆ ಮಾತನ್ನೇ ಮತ್ತೆ ಅಂದಿದ್ದರೆ ನನಗೆ ಹಗುರಾಗುತ್ತಿತ್ತು.

ಆ ಯುವಕ ತನ್ನ ದೋಣಿಯನ್ನು ನಮ್ಮ ಹತ್ತಿರಕ್ಕೆ ತಂದ. "ಕಾಕಾ, ಹಗ್ಗಾ ಒಗೀರಿ," ಎಂದ, ಅಷ್ಟೇ. ನಮ್ಮನ್ನು ಎಳೆದು, ನಾವು ಹೊರಟ ದಂಡೆಗೇ ತಂದು ಮುಟ್ಟಿಸಿದ. ಹೆಂಗಸರು ಇಳಿದು ನೀರಿನಂಚಿನಲ್ಲಿ ನಿಂತರು. ಎರಡು ದೋಣಿಗಳ ನಡುವೆ ಅವರು ಯಾರ ಮುಖವನ್ನೂ ನೋಡದೆ ನಿಂತಿದ್ದರು.

"ಯಣ್ಣಾ, ಕಾಲಿಟ್ಟಿದ್ದು ನಿನ್ನ ದ್ವಾಣ್ಯಾಗನ," ಎಂದಳು ಹಿರಿಯಳು ದೊಡ್ಡಪ್ಪನವರಿಗೆ. "ನಾಳಿಗಿ ರಿಪೇರಿ ಆಕ್ಕೈತೇನು? ಆದ್ರ ಇವತ್ತೊಂದಿನ ಹೊಲಾ ಬಿಡ್ತೀವಿ."

ದೊಡ್ಡಪ್ಪ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ನಾನು ಏನು ಹೇಳುತ್ತಿದ್ದೆನೋ, ಈಗಲೂ ತಿಳಿಯದು.

"ಹೋಗ್ರಿಬೇ, ಹೊತ್ತಾತು," ಎಂದರು. "ಅವನ ದ್ವಾಣ್ಯಾಗ ಹೋಗ್ರಿ. ನಾ ಬಿಟ್ಟೀನಿ."

ಬಿಟ್ಟೀನಿ ಎಂದ ಮೇಲೆ ಆ ಬಿಡುಗಡೆ ಇಡೀ ಹಂಗಾಮಿಗೂ ಆಯಿತು. ಹೆಂಗಸರು ಒಬ್ಬೊಬ್ಬರಾಗಿ ಆ ದೋಣಿ ಹತ್ತಿದರು. ದಂಡೆಯ ಮೇಲಿದ್ದವರು ಬನಹಟ್ಟಿಯ ಲೇತಿನವನನ್ನು ಬೈದರು. ಮಗ್ಗದ ಬಿಡಿಭಾಗ ತಿದ್ದುವವನಿಗೆ ದೋಣಿಯ ಇಂಜಿನ್ ಕೊಟ್ಟದ್ದೇ ತಪ್ಪು ಎಂದರು. ಆ ಮಾತು ನನಗೆ ಎಷ್ಟು ಹಿತವಾಯಿತೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಮಧ್ಯಾಹ್ನ ಅದೇ ಗೋಣಿತಟ್ಟಿನ ಮೇಲೆ ತಲೆಯ ಮುಚ್ಚಳ ಬಿಚ್ಚಿದೆವು. ಮೊದಲನೆಯ ಸಿಲಿಂಡರ್ ನುಣುಪಾಗಿತ್ತು. ಎರಡನೆಯದರ ಗೋಡೆಯಲ್ಲಿ ಉಗುರು ಸಿಗುವಷ್ಟು ಆಳದ ಗೀರುಗಳು. ಕಿಂಡಿಯಲ್ಲಿ ಮುರಿದ ಉಂಗುರದ ತುಂಡು. ಪಿಸ್ಟನ್ನುಗಳ ತಲೆಯ ಮೇಲಿದ್ದ ವಿಭೂತಿ ಎಣ್ಣೆಯಲ್ಲಿ ಬೆಂದು ಬೂದುಬಣ್ಣದ ಪದರವಾಗಿತ್ತು. ದೊಡ್ಡಪ್ಪ ಒಂದನ್ನು ಹೆಬ್ಬೆರಳಿನಿಂದ ಒರೆಸಿದರು, ಇನ್ನೊಂದನ್ನೂ ಒರೆಸಿದರು. ಅವರಿಗೆ ಓದು ಬರೆಹ ಬರುವುದಿಲ್ಲ. ಬಾಣ ಯಾವ ಕಡೆ ತೋರಿಸುತ್ತದೆಂದು ತಿಳಿಯಲು ಅದು ಬೇಕಾಗಿಯೂ ಇಲ್ಲ.

"ಇದು ಈ ಕಡೆ ಐತಿ. ಅದು ಆ ಕಡೆ. ಹಿಂಗ ಇರೂದೇನು?"

"ಇಲ್ಲರಿ."

"ನಿನಗ ಗೊತ್ತಿತ್ತೇನು?"

"ಸಂಶೇ ಇತ್ತರಿ. ಅವ್ವ ಇಬತ್ತಿ ಹಚ್ಚಿದ್ಲು. ಅದನ್ನ ಒರಸೂದು ಹ್ಯಾಂಗಂತ..."

ಅವರು ಮುರಿದ ಉಂಗುರದ ತುಂಡನ್ನು ಕಿಂಡಿಯಿಂದ ತೆಗೆದು ಗೋಣಿತಟ್ಟಿನ ಮೇಲಿಟ್ಟರು. ಬೈದಿದ್ದರೆ ತಲೆ ತಗ್ಗಿಸಿ ಕೇಳುತ್ತಿದ್ದೆ.

"ಲೇ ತಮ್ಮಾ," ಎಂದರು. "ದಿನಾ ಮುಂಜಾನಿ ಇಬತ್ತಿ ಹಚಗೊಂಡು ಹೊರಗ ಬೀಳ್ತೀನಿ. ಬಿಸಲಾಗ ಹಣಿ ಒರಸ್ಕೊಂತೀನಿ, ಅಳಿಸಿ ಹೊಕ್ಕೈತಿ. ಶಿವ ಎಂದಾದರ ಸಿಟ್ಟಿಗೆದ್ದಾನೇನು? ಒಂದ ಮಾತ ಕೇಳಿದ್ದರ ನಾನ ಒರಸಿ ಕೊಡ್ತಿದ್ದೆ."

ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳೆಂದು ನನಗೆ ತಡವಾಗಿ ತಿಳಿಯಿತು. ಊಟಕ್ಕೆ ಬಡಿಸುವಾಗ ಕೇಳಿದಳು: "ನಾ ಹಚ್ಚಿದ್ದಕ್ಕ ಹಿಂಗಾತೇನೋ?" ಹಾಗಲ್ಲವೆಂದು ವಿವರಿಸಲು ಹೊರಟೆ. ಗುರುತು, ದಿಕ್ಕು, ಉಂಗುರದ ತುದಿ, ಕಿಂಡಿ ಎಲ್ಲವನ್ನೂ ಕ್ರಮಬದ್ಧವಾಗಿ ಹೇಳಿದೆ. ತಾಟಿನ ಅಂಚಿನಲ್ಲಿ ಬೆರಳಿನಿಂದ ಚಿತ್ರವನ್ನೂ ಬರೆದೆ. ನಾನು ಹೇಳಿದಷ್ಟೂ ಅದು ಅವಳ ತಪ್ಪೆಂದೇ ಕೇಳಿಸುತ್ತಿತ್ತು. ಅವಳು ಇನ್ನರ್ಧ ರೊಟ್ಟಿ ಹಾಕಿ ಒಳಗೆ ಹೋದಳು.

ಮರುದಿನ ಬ್ಲಾಕನ್ನು ಹೊತ್ತು ಬನಹಟ್ಟಿಗೆ ಹೋದೆ. ತಪ್ಪು ನನ್ನದೆಂದು ಲೇತ್ ಅಂಗಡಿಯವರಿಗೆ ಹೇಳಿದೆ, ಅಷ್ಟನ್ನಾದರೂ ಹೇಳಿದೆ. ಅವರು ಗೀರಿನ ಮೇಲೆ ಉಗುರಾಡಿಸಿದರು.

"ಇರ್ಲಿ ಬಿಡ್ರಿ ಸರ, ಕಲಿಯೂತ ನಾವೂ ಎಷ್ಟೋ ಮುರದೀವಿ. ಆದರ ಇದನ್ನ ಇನ್ನ ಕೊರಿಯಾಕ ಬರೂದಿಲ್ಲ. ಗ್ವಾಡಿ ತೆಳ್ಳಗ ಆಗೈತಿ."

ನಾನು ಮುಧೋಳಕ್ಕೆ ಹೊರಡಬೇಕಾಗಿದ್ದ ದಿನ ದೊಡ್ಡಪ್ಪ ಆಚೆ ದಂಡೆಯ ನಮ್ಮ ಹೊಲ ನೋಡಿ ಬರುತ್ತೇನೆಂದು ಎದ್ದರು. ನಾನು ದಂಡೆಯವರೆಗೆ ಜೊತೆಗೆ ನಡೆದೆ. ಆ ಯುವಕ ಕೈ ಹಿಡಿದು ಅವರನ್ನು ದೋಣಿಗೆ ಹತ್ತಿಸಿಕೊಂಡ. "ಹಿಂದ ಬರ್ರಿ ಕಾಕಾ, ನನ್ನ ಬಾಜೂಕ ಕುಂದರ್ರಿ," ಎಂದ. ಅವರು ಒಲ್ಲೆನೆಂದು ಹೆಂಗಸರ ನಡುವೆ, ಬುತ್ತಿಗಂಟುಗಳ ಪಕ್ಕದಲ್ಲಿ ಕುಳಿತರು.

ನೀರಿನ ಕೆಳಗೆ ಒಂದು ಕಡೆ ಹಳೆಯ ಬಾವಿಯ ಕಲ್ಲುಗಂಬಗಳಿವೆ. ಹೊಳೆ ಇಳಿಯತೊಡಗಿದಾಗ ಅವು ಮೇಲಕ್ಕೆ ಕಾಣದೆಯೂ ದೋಣಿಯ ತಳಕ್ಕೆ ತಾಗುತ್ತವೆ. ಅಲ್ಲಿಗೆ ಸಮೀಪಿಸಿದಾಗ ದೊಡ್ಡಪ್ಪ ಕುಳಿತಲ್ಲಿಂದಲೇ ಕೈಯೆತ್ತಿ ಎಡಕ್ಕೆ, ಎಡಕ್ಕೆ ಎಂದು ಸನ್ನೆ ಮಾಡಿದ್ದು ನನಗೆ ಕಂಡಿತು. ಏನೋ ಕೂಗಿರಲೂಬೇಕು, ಇಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ. ದೋಣಿ ಎಡಕ್ಕೆ ಹೊರಳಿತು. ಅವರ ಕೈ ಕಂಡು ಹೊರಳಿತೋ, ಅವನಿಗೂ ಆ ಜಾಗ ಗೊತ್ತಿತ್ತೋ, ದಂಡೆಯಿಂದ ತಿಳಿಯುವಂತಿರಲಿಲ್ಲ. ಬಸ್ಸು ತಪ್ಪುತ್ತದೆಂದು ನಾನು ಹಿಂದಿರುಗಿದೆ.